ಒದ್ದೆ ಗೋಡೆಯಲ್ಲಿ ಎದ್ದ ನಾಯಕ

ನನಗೆ ಅರುಳುಮರುಳು, ಅರ್ಧ ನೆನಪು ಅರ್ಧ ಕಟ್ಟುಕತೆ ಅಂತ ನಿಮ್ಮಲ್ಲಿ ಯಾರೋ ಗೊಣಗಿದ್ದು ಕಿವಿಗೆ ಬಿತ್ತು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವರು ನೀವು, ನನ್ನ ನೆನಪಿಗೆ ತಪ್ಪು ಹಿಡಿಯುತ್ತೀರಾ? ಸುಮ್ಮನೆ ಕೇಳಿ. ಫಿಂಟನ್ ಮನೆಯ ಗೋಡೆಯ ಗಲಾಟೆಯ ದಿನ ನಾನು ಅದರ ಎದುರೇ ನಿಂತು ನೆನೆದವನು.

ನಮ್ಮ ಡೆರ್ರಿಯಲ್ಲಿ ಸಾಲುಮನೆಗಳ ಕೊನೆಯ ಮನೆ ಅಂದರೆ ಅರ್ಧ ಊರಿನ ಆಸ್ತಿ. ಪಕ್ಕದ ದೊಡ್ಡ ಗೋಡೆಯ ಮೇಲೆ ಹುತಾತ್ಮರ ಚಿತ್ರ ಬರೆಯಲು ಯಾರಾದರೊಬ್ಬರು ಬಣ್ಣದ ಡಬ್ಬಿ ಹಿಡಿದು ಕಾದಿರುತ್ತಾರೆ. ಫಿಂಟನ್ ಹೇಗೋ ಕೈಕಾಲು ಹಿಡಿದು ತನ್ನ ಗೋಡೆಯನ್ನು ಬೋಳಾಗಿಯೇ ಉಳಿಸಿಕೊಂಡಿದ್ದ. ಆದರೆ ಸೂರಿನ ನೀರು ಇಳಿಸುವ ಪೈಪು ಒಡೆಯಿತು. ಗೋಡೆ ನೀರು ಕುಡಿಯಿತು. ಒಳಗೆ ಮಲಗುವ ಕೋಣೆಯಲ್ಲಿ ಅಣಬೆ ಎದ್ದಿತು. ಹೆಂಡತಿ ಅಸುಂಪ್ಟಾ, ಗೋಡೆ ಒಣಗುವವರೆಗೆ ಈ ಮನೆಯಲ್ಲಿ ಮಲಗುವವಳಲ್ಲ ಅಂತ ಅಕ್ಕನ ಮನೆಗೆ ಹೋಗಿ ಕೂತಳು. ಮೊಟ್ಟೆ ಬೇಯಿಸಲೂ ಬಾರದ ಫಿಂಟನ್, ಬ್ರೆಡ್ಡು ತಿಂದು ತಿಂದು ಬ್ರೆಡ್ಡಿನ ಬಣ್ಣಕ್ಕೇ ತಿರುಗಿದ್ದ. ಅಂತೂ ಆ ದಿನ ಪೈಪಿನವನು ಬರುವುದು, ಸಂಜೆ ಅಸುಂಪ್ಟಾ ಬಂದು ಪರೀಕ್ಷೆ ಮಾಡುವುದು ಅಂತ ಒಪ್ಪಂದವಾಗಿತ್ತು.

ಬೆಳಿಗ್ಗೆ ಹಾಲು ತರಲು ಹೊರಟ ಎದುರುಮನೆ ಹ್ಯೂಯಿ ಗೋಡೆ ನೋಡಿ ಗಕ್ಕನೆ ನಿಂತ. ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಫಿಂಟನ್, ಈಚೆ ಬಾ ಮಾರಾಯ. ನಿನ್ನ ಗೋಡೆ ಮೇಲೆ ನಮ್ಮ ಟೋಲನ್ ಬಂದಿದಾನೆ."

ಕಾಹಿರ್ ಟೋಲನ್ ಅಂದರೆ ಮೊದಲು ಅರ್ಧ ಊರಿಗೆ ಬಾಂಬಿಟ್ಟವನು. ಆಮೇಲೆ ಶಾಂತಿ ಒಪ್ಪಂದ ಮಾಡಿಸಿ, ಮಂತ್ರಿಯಾಗಿ, ಅದೇ ಜಾಗಗಳಲ್ಲಿ ಕಟ್ಟಿದ ಹೊಸ ಕಟ್ಟಡಗಳಿಗೆ ರಿಬ್ಬನ್ ಕತ್ತರಿಸಿದವನು. ಹಿಂದಿನ ಚಳಿಗಾಲದಲ್ಲಿ ಹಾಸಿಗೆಯಲ್ಲೇ ಕಣ್ಣು ಮುಚ್ಚಿದ್ದ. ಹ್ಯೂಯಿ ಅವನ ಜತೆ ಜೈಲಲ್ಲಿದ್ದವನು.

ಫಿಂಟನ್‌ಗೆ ಕಂಡದ್ದು ಬರೀ ಒದ್ದೆ. ಆದರೆ ಹ್ಯೂಯಿ ಬೆರಳಿಟ್ಟು ತೋರಿಸಿದ ಮೇಲೆ ಅದೇ ಗಲ್ಲ, ಅದೇ ಮೂಗು, ಅದೇ ಪೊದೆಮೀಸೆ! ಚಹಾ ಆರುವಷ್ಟರಲ್ಲಿ ಬೀದಿ ತುಂಬಿತು. ಗಾಜಿನ ಜಾಡಿಗಳಲ್ಲಿ ಮೇಣದಬತ್ತಿ ಬಂದವು, ಯಾರೋ ಜಪಸರ ತೆಗೆದರು.

ಅಷ್ಟರಲ್ಲಿ ಟೋಲನ್ ಪಕ್ಷದ ಕೌನ್ಸಿಲರ್ ಡಾರಾ ಬಂದಳು. ಜಗಳ ಶುರುವಾದದ್ದೇ ಆಗ. ತಲೆಯ ಮೇಲಿನ ಕಪ್ಪು ಕಲೆ ಹೋರಾಟದ ಟೋಪಿ, ಪಕ್ಕದ ಉದ್ದ ಗೆರೆ ಬಂದೂಕು ಅಂತ ಹ್ಯೂಯಿ. ಅದು ಬಾಚಿದ ಕೂದಲು, ಗೆರೆ ಅಂದರೆ ಕೈಕುಲುಕಲು ಚಾಚಿದ ತೋಳು ಅಂತ ಡಾರಾ.

"ಕೈ ಆದ್ರೆ ಬೆರಳೆಲ್ಲಮ್ಮಾ?"

"ಬಂದೂಕಾದ್ರೆ ಬೆರಳಲ್ಲಿ ಒತ್ತೋ ಕುದುರೆ ಎಲ್ಲಯ್ಯಾ?"

ಗೋಡೆಯೂ ಯಾರ ಪಕ್ಷಕ್ಕೂ ನೆಟ್ಟಗೆ ನಿಲ್ಲಲಿಲ್ಲ. ಮಳೆ ಜೋರಾದರೆ ಬಂದೂಕು ಉದ್ದವಾಗುತ್ತಿತ್ತು, ಬಿಸಿಲು ಇಣುಕಿದರೆ ಕೈ ಮುಂದೆ ಬರುತ್ತಿತ್ತು. ಅರ್ಧ ಬೀದಿ ಮೋಡಕ್ಕೆ ಪ್ರಾರ್ಥನೆ ಮಾಡಿದರೆ ಇನ್ನರ್ಧ ಸೂರ್ಯನಿಗೆ ಮಾಡಿತು.

ಈ ಸಂತೆಯ ನಡುವೆ ನದಿಯ ಆಚೆ ದಡದಿಂದ ಪೈಪಿನ ವಿಕ್ಟರ್ ಬಂದ. ಅವನು ಆ ಕಡೆಯ ಜನ, ಟೋಲನ್ ಹೆಸರೆತ್ತಿದರೆ ಉಗಿಯುವ ಪೈಕಿ. ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ.

"ನಮ್ಮಪ್ಪನ ಅಂಗಡಿ ಸೂರು ಹಾರಿಸಿದೋನು ಇವನೇ ಅಲ್ವಾ? ಅದನ್ನ ಮತ್ತೆ ಹೊದಿಸ್ತಾ ಹೊದಿಸ್ತಾನೇ ನಾನು ಈ ಕೆಲಸ ಕಲ್ತಿದ್ದು. ಈಗ ಇವನ ತಲೆ ಮೇಲಿನ ಪೈಪೂ ನಾನೇ ಕಟ್ಟಬೇಕು, ನೋಡಿ ಹಣೆಬರಹ."

ಏಣಿ ಇಟ್ಟ. ಆಗ ಬೀದಿಗೆ ಹೊಳೆಯಿತು: ಪೈಪು ಸರಿಯಾದರೆ ಗೋಡೆ ಒಣಗುತ್ತದೆ, ಗೋಡೆ ಒಣಗಿದರೆ ಟೋಲನ್ ಹೋಗುತ್ತಾನೆ. ಹೋದ ಚುನಾವಣೆಯಿಂದ ಮಾತು ಬಿಟ್ಟಿದ್ದ ಹ್ಯೂಯಿ ಮತ್ತು ಡಾರಾ ಎಲ್ಲರೆದುರು ಕೈಕುಲುಕಿ, ಏಣಿಯ ಕೆಳಮೆಟ್ಟಿಲಲ್ಲಿ ಮದುವೆಯ ಗಂಡುಹೆಣ್ಣಿನಂತೆ ಒತ್ತಿಕೊಂಡು ಕೂತರು. ವಿಕ್ಟರ್ ನಗುತ್ತಾ ವ್ಯಾನಿನಲ್ಲಿ ಕೂತು ಸ್ಯಾಂಡ್‌ವಿಚ್ ಬಿಚ್ಚಿದ.

ಸಂಜೆ ಹತ್ತಿರವಾಗುತ್ತಿತ್ತು, ಅಸುಂಪ್ಟಾ ಬರುವ ಹೊತ್ತು. ಫಿಂಟನ್ ಓಡಿಹೋಗಿ ಟೋಲನ್‌ನ ಹೆಂಡತಿ ಯೂನಾಳನ್ನೇ ಕರೆತಂದ. ಟೀವಿಯಲ್ಲಿ ಕುದುರೆ ರೇಸು ನೋಡುತ್ತಿದ್ದ ಮುದುಕಿ ಮನೆಯ ಚಪ್ಪಲಿಯಲ್ಲೇ ಬಂದಳು. ಬೀದಿ ಸರಿದು ದಾರಿ ಬಿಟ್ಟಿತು.

"ನೀವೇ ಹೇಳಿ ತಾಯಿ," ಅಂದ ಹ್ಯೂಯಿ, "ಬಂದೂಕಿನವನಾ, ಸೂಟಿನವನಾ?"

ಯೂನಾ ಕೊಡೆ ಓರೆ ಮಾಡಿ ನಿಧಾನವಾಗಿ ನೋಡಿದಳು.

"ಇಬ್ರ ಜತೆಗೂ ಬಾಳಿದೋಳಪ್ಪಾ ನಾನು. ಬಂದೂಕಿನವನು ರಾತ್ರಿ ಮನೆಗೆ ಬರ್ತಿರ್ಲಿಲ್ಲ. ಸೂಟಿನವನೂ ಬರ್ತಿರ್ಲಿಲ್ಲ. ಬೆಳಗ್ಗಿಂದ ಒಂದೇ ಮನೇಲಿ ನಿಂತಿದಾನೆ ಅಂದ್ರೆ ಇವನು ನನ್ನ ಗಂಡ ಅಲ್ಲ ಬಿಡಿ."

ಡಾರಾ ಏಣಿ ಬಿಟ್ಟು ಎದ್ದಳು. ಹ್ಯೂಯಿ ಎದ್ದು ಪ್ಯಾಂಟು ಕೊಡವಿಕೊಂಡ. ಜನ ತಮ್ಮ ತಮ್ಮ ಮೇಣದಬತ್ತಿ ಊದಿ, ಉಳಿದ ತುಂಡು ಜೇಬಿಗೆ ಹಾಕಿಕೊಂಡು ಕರಗಿದರು. ವಿಕ್ಟರ್ ಏಣಿ ಹತ್ತಿದ. ಫಿಂಟನ್ ಬಟ್ಟೆಯಿಂದ ಗೋಡೆ ಒರೆಸಲು ಕೈಯೆತ್ತಿದ.

ಆಗಲೇ ಬೀದಿಯ ತುದಿಯಲ್ಲಿ ಅಸುಂಪ್ಟಾ ಕಾಣಿಸಿದಳು. ಗೋಡೆ ನೋಡಿದಳು. ಕೈಚೀಲ ಬಿತ್ತು. ಶಿಲುಬೆಯ ಗುರುತು ಮಾಡಿಕೊಂಡಳು.

"ಫಿಂಟನ್, ಬಟ್ಟೆ ಕೆಳಗಿಡು. ಅದು ನಮ್ಮಮ್ಮ."

ಫಿಂಟನ್ ತಿರುಗಿ ನೋಡಿದ. ಅದೇ ಗಲ್ಲ, ಅದೇ ಮೂಗು. ಇವನನ್ನು ಕಂಡಾಗಲೆಲ್ಲ ಸಾಯುವವರೆಗೂ ಹೀಗೇ ದುರುಗುಟ್ಟಿದವಳು. ಮೀಸೆಯೂ ಅವಳದ್ದೇ.

ಏಣಿ ಇಳಿಯಿತು. ಪೈಪು ಹಾಗೇ ಇರಲಿ, ಅಮ್ಮನ ಮೇಲೆ ಯಾರೂ ಕೈಮಾಡಕೂಡದು ಅಂತ ಅಪ್ಪಣೆಯಾಯಿತು. ಹಾಗಾದರೆ ಒಳಗೆ ಬಾ ಅಂತ ಫಿಂಟನ್ ಆಸೆಯಿಂದ ಬಾಗಿಲು ತೆಗೆದ.

"ಹುಚ್ಚಾ ನಿಂಗೆ? ಒದ್ದೆ ಗೋಡೆ ಇರೋ ಮನೇಲಿ ಯಾರು ಮಲಗ್ತಾರೆ," ಅಂದು ಅಸುಂಪ್ಟಾ ಚೀಲ ಎತ್ತಿಕೊಂಡು ಅಕ್ಕನ ಮನೆಗೆ ಹೊರಟಳು. ದಿನಾ ಸಂಜೆ ಬಂದು ಅಮ್ಮನಿಗೆ ದೀಪ ಹಚ್ಚಿ ಹೋಗುವುದಂತೆ.

ಫಿಂಟನ್ ಒಳಗೆ ಹೋಗಿ ಬ್ರೆಡ್ಡಿನ ಪೊಟ್ಟಣ ಬಿಚ್ಚಿದ.

ನಡೆದದ್ದು ಇಷ್ಟು, ಒಂದಕ್ಷರ ಸೇರಿಸಿಲ್ಲ. ನಿಮ್ಮ ಕಡೆಯವರಿಗೆಲ್ಲ ಇದನ್ನು ಹೇಳಿ. ಅಸುಂಪ್ಟಾಗೆ ಕೇಳಿಸುವುದಾದರೆ ಮಾತ್ರ, ಅವಳಮ್ಮನ ಮೀಸೆ ಬರುವ ಮೊದಲೇ ನಿಲ್ಲಿಸಿಬಿಡಿ.