ಬಾಟಲಿಗೆ ತುಂಬಿದ ಮರ್ಯಾದೆ

ನಮ್ಮ ಕಡೆಯವರಿಗೆ ಒಂದು ಕಾಯಿಲೆ ಇದೆ. ಮನೆಗೆ ಬಂದವರ ಎದುರು ನಮಗೆ ನಿಜ ಹೇಳಲು ಬರುವುದಿಲ್ಲ. ಸುಳ್ಳಿನ ಮೇಲಿನ ಪ್ರೀತಿಯಿಂದಲ್ಲ, ಬಂದವರಿಗೆ ಬೇಜಾರಾಗಬಾರದಲ್ಲ ಎಂಬ ಒಂದೇ ಕಾರಣಕ್ಕೆ. ನನ್ನನ್ನು ಸಾಕಿ ಮಾತು ಕಲಿಸಿದವಳು ದೊಡ್ಡಮ್ಮ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ಅವಳು ಇದ್ದ ಎರಡೇ ಬಂಗಡೆಯನ್ನೂ ಅವರ ಬಟ್ಟಲಿಗೆ ಹಾಕಿ, "ನಂಗೆ ಇವತ್ ಸೋಮವಾರ ಮಾರಾಯ್ರೆ, ನಾ ಮೀನ್ ಮುಟ್ಟುದಿಲ್ಲೆ" ಅನ್ನುತ್ತಿದ್ದಳು. ಅವತ್ತು ಬುಧವಾರವಾಗಿರುತ್ತಿತ್ತು. ಬುಧವಾರವೆಂದು ನೆಂಟರಿಗೂ ಗೊತ್ತಿರುತ್ತಿತ್ತು. ಆದರೂ ಅವರು "ಹೌದಾ? ಹಂಗಾರೆ ಅಕ್ಕ್" ಎಂದು ಎರಡನ್ನೂ ತಿಂದು ಕೈ ತೊಳೆಯುತ್ತಿದ್ದರು. ಎರಡೂ ಕಡೆಯ ಮರ್ಯಾದೆ ಉಳಿಯುತ್ತಿತ್ತು. ಇಂಥ ಮನೆಯಲ್ಲಿ ಬೆಳೆದವನ ಕೈಗೆ ವಿಜ್ಞಾನದ ಕೆಲಸವನ್ನು ಯಾರೂ ಕೊಡಬಾರದು. ಕೊಟ್ಟರೆ ಏನಾಗುತ್ತದೆ ಎಂಬುದನ್ನು ಈಗ ತಪ್ಪೊಪ್ಪಿಗೆಯ ರೂಪದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮದು ಬಸ್ರೂರಿನ ಕೆಳಗೆ, ಹೊಳೆಯ ಬದಿಯಲ್ಲಿರುವ ಹನ್ನೆರಡು ಮನೆಗಳ ಕೇರಿ. ಪ್ರತಿ ಮನೆಗೂ ಒಂದು ಬಾವಿ, ಪ್ರತಿ ಬಾವಿಗೂ ಚೆಂದದ ಕಟ್ಟೆ. ಮಳೆಗಾಲದಲ್ಲಿ ಕೈಯಲ್ಲೇ ಮೊಗೆಯುವಷ್ಟು ನೀರು. ಆದರೆ ಮಳೆ ಕಳೆದ ಮೇಲೆ ಕಡಲು ಉಕ್ಕುವ ಭರತದ ನೀರು ಹೊಳೆ ಹತ್ತಿ, ಹೊಳೆಯಿಂದ ನಮ್ಮ ತೋಡಿಗೆ ನುಗ್ಗಿ, ಮಾರ್ಚ್ ಹೊತ್ತಿಗೆ ಅಲ್ಲಿಂದ ಯಾರಿಗೂ ಹೇಳದೆ ಕೇಳದೆ ಬಾವಿಗಳಿಗೆ ಇಳಿಯುತ್ತದೆ. ತೋಡಿನ ಬಾಯಿಗೆ ಹಿಂದಿನವರು ಕಟ್ಟಿದ ಕಿಂಡಿ ಅಣೆಕಟ್ಟೇನೋ ಇದೆ. ಆದರೆ ಅದರ ಕಿಂಡಿಗಳಿಗೆ ಹಾಕುವ ಮರದ ಹಲಗೆಗಳು ಕೊಳೆತು ಕುಂಬಾಗಿ ಎಷ್ಟೋ ಕಾಲವಾಯಿತು. ಹಾಗಾಗಿ ಬೇಸಿಗೆಯಲ್ಲಿ ನಮ್ಮ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಚಹಾಕ್ಕೆ ಎಷ್ಟು ಸಕ್ಕರೆ ಹಾಕಿದರೂ ಅದು ಔಷಧಿಯ ಹಾಗೇ ಇರುತ್ತದೆ. ಪಕ್ಕದ ಮನೆಯ ಪದ್ದಕ್ಕ ಇದನ್ನೂ ಲಾಭದ ಲೆಕ್ಕಕ್ಕೇ ಸೇರಿಸುತ್ತಾಳೆ. "ಹ್ವಾಯ್, ನಿಮ್ ಬಾವಿ ನೀರಲ್ ಮೀನ್ ಬೇಯ್ಸಿರೆ ಉಪ್ಪೇ ಬ್ಯಾಡ ಕಾಣಿ!"

ನಗಿಸುವುದು ಅವಳ ಗುಣ, ಅವಳ ಕಷ್ಟ ಮಾತ್ರ ನಗುವಂಥದ್ದಲ್ಲ. ಬೆಳಿಗ್ಗೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿ ಬಂದ ಪದ್ದಕ್ಕ, ಮಧ್ಯಾಹ್ನದ ಮೇಲೆ ಕಲ್ಲುಗುಡ್ಡೆ ಹತ್ತಿ ಮೇಲಿನಮನೆಯವರ ಬಾವಿಯಿಂದ ನಾಲ್ಕು ಕೊಡ ನೀರು ಇಳಿಸಬೇಕು. ಸುತ್ತಮುತ್ತ ಸಿಹಿನೀರಿನ ಬಾವಿ ಅದೊಂದೇ. ಅವಳ ಎಡಗಾಲ ಗಂಟು ಬಾತುಕೊಂಡಿತ್ತು. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. "ಎತ್ತದಿದ್ರೆ ಕುಡುಕೆ ನೀರ್ ಅವ್ರೇ ತಂದ್ ಕೊಡ್ತ್ರಾ?" ಎಂಬುದು ಅವಳ ಪ್ರಶ್ನೆ. ಇನ್ನೊಂದು ಬೇಸಿಗೆಯನ್ನು ಆ ಕಾಲು ತಡೆಯುವ ಹಾಗಿರಲಿಲ್ಲ.

ಹೀಗಿರುವಾಗ ಹೋದ ವರ್ಷ ಒಂದು ಸುದ್ದಿ ಬಂತು. ವಿಶ್ವವಿದ್ಯಾಲಯದವರು ಹೊಳೆದಂಡೆಯ ಬಾವಿಗಳನ್ನು ಪರೀಕ್ಷೆ ಮಾಡಲಿದ್ದಾರೆ, ಎಲ್ಲಿ ಉಪ್ಪು ಹೆಚ್ಚೋ ಅಲ್ಲಿಯ ಕಿಂಡಿ ಅಣೆಕಟ್ಟಿಗೆ ಪಂಚಾಯಿತಿಯವರು ಹೊಸ ಹಲಗೆ ಹಾಕಿಸುತ್ತಾರೆ. ನಮ್ಮ ತೋಡು ಒಂದು, ಆಚೆ ಕೇರಿಯ ತೋಡು ಇನ್ನೊಂದು. ಸದ್ಯಕ್ಕೆ ಎರಡರಲ್ಲಿ ಒಂದಕ್ಕೆ ಮಾತ್ರ ಹಲಗೆ. ಬಂದವರಿಗೆ ಊರು ತೋರಿಸಲು ಒಬ್ಬ ತಿಳಿದವರು ಬೇಕು ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಆ ಕಾರ್ಖಾನೆಯಲ್ಲಿ ಬಾಗಿಲಿಗೆ 'ಲ್ಯಾಬು' ಎಂದು ಬರೆದ ಕೋಣೆಯೊಂದಿತ್ತು. ಅದರೊಳಗೆ ಯಜಮಾನರ ಕೊಡೆ ಮತ್ತು ಒಂದು ಮುರಿದ ಸ್ಟೂಲು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಅದರ ಪಕ್ಕದಲ್ಲೇ ಅಷ್ಟು ವರ್ಷ ಕೂತಿದ್ದರಿಂದ ವಿಜ್ಞಾನ ನನಗೆ ಸ್ವಲ್ಪ ಹತ್ತಿರದ ನೆಂಟ ಎಂಬ ಭಾವನೆ ಊರವರಲ್ಲಿ ಇತ್ತು. ನನ್ನಲ್ಲೂ ಇತ್ತು.

ಬಂದವನು ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ ಮಲ್ಲಿಕಾರ್ಜುನ. ಕಲಬುರಗಿ ಕಡೆಯ ಹುಡುಗ, ಬಾಗಿಲ ದಾರಂದಕ್ಕೆ ತಲೆ ತಗಲುವಷ್ಟು ಎತ್ತರ. ಹೆಗಲ ಪೆಟ್ಟಿಗೆಯಲ್ಲಿ ಹನ್ನೆರಡು ಬಾಟಲಿ, ಮುಖದಲ್ಲಿ ಧಾರಾಳ ಬೆವರು. ತಾನೇ ಪ್ರತಿ ಬಾವಿಗೂ ಹೋಗಿ ನೀರು ತೆಗೆಯಬೇಕೆಂಬುದು ಅವನಿಗೆ ಕೊಟ್ಟ ನಿಯಮ. ಪಾಪ, ಹೊರಟೂ ನಿಂತ. ಹೊರಗೆ ಏಪ್ರಿಲಿನ ಬಿಸಿಲು ಅಂಗಳವನ್ನು ಕಾವಲಿ ಮಾಡಿತ್ತು. ಮನೆಗೆ ಬಂದವನನ್ನು ಆ ಬಿಸಿಲಿಗೆ ಅಟ್ಟುವುದುಂಟೇ?

"ನೀವ್ ಕೂಕಣಿ ಮಾರಾಯ್ರೆ, ಬಿಸ್ಲಿಗ್ ಹೋಪ್ದ್ ಬ್ಯಾಡ. ಬಾಟ್ಲಿ ಇಲ್ ಕೊಡಿ. ನಾಳೆ ಬೆಳಿಗ್ಗೆ ಹನ್ನೆರಡೂ ತುಂಬಿ ಜಗಲಿ ಮೇಲೆ ಇರ್ತ್."

"ಇಲ್ರಿ ಸರ, ನಾನ ತೆಗೀಬೇಕ್ರಿ, ನಮ್ಮ ಮೇಡಮ್ಮರು..."

"ನಿಮ್ ಮೇಡಮ್ ಈ ಬಿಸ್ಲ್ ಕಂಡಿದ್ರಾ?" ಎಂದೆ. ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜೆ ಬೆಲ್ಲ, ನೀರು, ಎಳನೀರಿನ ದೋಸೆ ತಂದಿಟ್ಟಳು. ದೋಸೆಯ ಎದುರು ನಿಯಮ ಬಹಳ ಹೊತ್ತು ನಿಲ್ಲಲಿಲ್ಲ.

ನಾನು ಸಂಜೆ ಮನೆ ಮನೆಗೆ ಹೋಗಿ, ಆಯಾ ಯಜಮಾನನ ಹೆಸರಿನ ಚೀಟಿ ಅಂಟಿಸಿ ಬಾಟಲಿ ಕೊಟ್ಟು ಬಂದೆ. ಸುಮ್ಮನೆ ಕೊಟ್ಟಿದ್ದರೆ ಒಳ್ಳೆಯದಿತ್ತು. ಆದರೆ ಜವಾಬ್ದಾರಿ ಸಿಕ್ಕಿದ ಮನುಷ್ಯ ಸುಮ್ಮನಿರುವುದು ಹೇಗೆ? ಪ್ರತಿ ಜಗಲಿಯಲ್ಲೂ ನಿಂತು ಚಿಕ್ಕದೊಂದು ಭಾಷಣ ಮಾಡಿದೆ. "ದೊಡ್ ದೊಡ್ ಪ್ರೊಫೆಸರ್ ಇದನ್ ಕಾಂತ್ರ್. ಊರಿನ ಮರ್ಯಾದಿ ಪ್ರಶ್ನೆ. ಬಾಟ್ಲಿ ಚೆಂದ ಮಾಡಿ ತುಂಬ್ಸಿ." ಈ ಮೂರು ವಾಕ್ಯಗಳು ವಿಜ್ಞಾನಕ್ಕೆ ಮಾಡಿದ ಹಾನಿಯನ್ನು ಮೂರು ಕಾರ್ಖಾನೆಗಳ ಹೊಗೆಯೂ ಮಾಡಿರಲಾರದು.

ಮರುದಿನ ಬೆಳಿಗ್ಗೆ ಹನ್ನೆರಡು ಬಾಟಲಿಗಳು ಮದುಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಹೊರಗೆಲ್ಲ ಒರೆಸಿ ಹೊಳಪು ಬಂದಿತ್ತು. ಒಂದರಿಂದ ಲಾವಂಚದ ಬೇರಿನ ಪರಿಮಳ ಬರುತ್ತಿತ್ತು. ಇನ್ನೊಂದು ಮುಟ್ಟಿದರೆ ಬೆಚ್ಚಗಿತ್ತು. ನನಗೆ ಅನುಮಾನ ಬರಲಿಲ್ಲ. ನಮ್ಮವರ ಶಿಸ್ತು ನೋಡಿ ಹೆಮ್ಮೆಯಾಯಿತು.

ಎರಡು ವಾರ ಕಳೆದು ಮಲ್ಲಿಕಾರ್ಜುನ ಭೂವಿಜ್ಞಾನದ ಪ್ರೊಫೆಸರರೊಬ್ಬರನ್ನು ಜೊತೆಗೆ ಕರೆದುಕೊಂಡು ಬಂದ. ಅವನ ಕಣ್ಣುಗಳು ಅರಳಿದ್ದವು. "ಸರ, ಹನ್ನೆರಡೂ ಒಂದ ನಮೂನಿ ಅದಾವ್ರಿ. ಉಪ್ಪಿಂದು ಸುಳಿವ ಇಲ್ಲ. ಇಂಥಾ ಚಲೋ ನೀರು ನಾ ಎಲ್ಲೂ ನೋಡಿಲ್ರಿ!" ಪ್ರೊಫೆಸರರು ನಮ್ಮ ಅಂಗಳದಲ್ಲಿ ಅತ್ತಿಂದಿತ್ತ ನಡೆದು, ಮಣ್ಣನ್ನು ಬೂಟಿನಿಂದ ಕೆದಕಿ, ಹೊಳೆಗೆ ಇಷ್ಟು ಹತ್ತಿರದಲ್ಲಿ ಇಂಥ ನೀರು ಇರಬೇಕಾದರೆ ನೆಲದಡಿಯಲ್ಲಿ ಇದುವರೆಗೆ ಯಾರೂ ಕಾಣದ ಸಿಹಿನೀರಿನ ಒರತೆ ಹರಿಯುತ್ತಿರಬೇಕು ಎಂದರು. ಆ ಕ್ಷಣದಲ್ಲಿ ನನಗೂ ಕಾಲಡಿಯಲ್ಲಿ ಏನೋ ಹರಿದ ಹಾಗಾಯಿತು. ಆಮೇಲೆ ಅವರು ಸಹಜವಾಗಿ ಹೇಳಿದರು: ಅಂದಮೇಲೆ ಹಲಗೆಯ ಅಗತ್ಯ ಆಚೆ ಕೇರಿಗೇ ಹೆಚ್ಚು, ವರದಿಯಲ್ಲಿ ಹಾಗೆಯೇ ಬರೆಯುತ್ತೇವೆ.

ಕೇರಿಗೆ ಸಿಡಿಲು ಬಡಿಯಿತು. ಆದರೆ ವಿಚಿತ್ರ ನೋಡಿ, ಸಿಡಿಲು ಬಡಿದ ಮೇಲೆ ಗದ್ದಲವಾಗಬೇಕಲ್ಲ? ಯಾರೂ ಬಾಯಿ ಬಿಡಲಿಲ್ಲ. ನಾನೊಬ್ಬನೇ ಹಾರಾಡಿದೆ. ಅವರ ಯಂತ್ರ ಹಾಳಾಗಿದೆ, ಈಗಿನ ಕಲಿಕೆಯೇ ಹೀಗೆ, ನಮ್ಮ ಕಾರ್ಖಾನೆಯಲ್ಲಿ ಮಣ್ಣನ್ನು ನಾಲಿಗೆಯ ಮೇಲಿಟ್ಟು ಹೇಳುತ್ತಿದ್ದರು, ಎಂದೆಲ್ಲ. ಗಿರಿಜೆ ತಲೆ ಎತ್ತದೆ ತೆಂಗಿನಕಾಯಿ ತುರಿದಳು. ಆಚೆ ಮನೆಯವರು ಮಾತು ಬದಲಿಸಿದರು. ಪದ್ದಕ್ಕ ಕೊಡ ಎತ್ತಿಕೊಂಡು, ಎಡಗಾಲನ್ನು ಎಳೆಯುತ್ತ, ಏನೂ ಹೇಳದೆ ಗುಡ್ಡೆ ಹತ್ತಿದಳು. ಅವಳು ಏನೂ ಹೇಳದೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಮ್ಮ ಪುಣ್ಯಕ್ಕೆ ಅದೇ ವಾರ ಅನಿತಾ ಎಂಬ ಹುಡುಗಿ ಬಂದಳು. ಅದೇ ವಿಶ್ವವಿದ್ಯಾಲಯದ ಕನ್ನಡ ವಿಭಾಗದವಳು, ಊರು ಇಲ್ಲೇ ಹತ್ತಿರದ ವಂಡ್ಸೆ. ಹೆಂಗಸರು ಕೆಲಸ ಮಾಡುತ್ತ ಆಡುವ ಮಾತುಗಳನ್ನು ಸಂಗ್ರಹಿಸುವುದು ಅವಳ ಸಂಶೋಧನೆ. ಪದ್ದಕ್ಕನ ಮಾತು ಸಂಗ್ರಹಿಸಲೂ ಡಾಕ್ಟರೇಟು ಕೊಡುತ್ತಾರೆಂದರೆ ನಮ್ಮ ಕೇರಿಯಲ್ಲಿ ಅರ್ಧ ಜನ ಡಾಕ್ಟರಾಗಬೇಕಿತ್ತು ಎಂದು ನಾನು ಒಳಗೊಳಗೇ ನಕ್ಕೆ. ಅವಳು ಬಾಟಲಿ ತಂದಿರಲಿಲ್ಲ, ಅರ್ಜಿ ತಂದಿರಲಿಲ್ಲ. ಪದ್ದಕ್ಕನ ಜೊತೆ ಗುಡ್ಡೆ ಹತ್ತಿ, ಒಂದು ಕೊಡ ತಾನೂ ಹೊತ್ತು, ಇಳಿದು ಬಂದು ನಮ್ಮ ಜಗಲಿಯಲ್ಲಿ ಕೂತಳು. ಗಿರಿಜೆ ಬೆಲ್ಲ ನೀರು ಕೊಟ್ಟಳು. ನಾನು ಪತ್ರಿಕೆ ಓದುವವನ ಹಾಗೆ ಕೂತಿದ್ದೆ.

"ಪದ್ದಕ್ಕ, ನಿಮ್ ಬಾವಿ ನೀರ್ ಭಾರೀ ಲಾಯ್ಕ್ ಇತ್ ಗಡಾ? ನಮ್ ಯುನಿವರ್ಸಿಟಿಯಂಗೆ ಎಲ್ಲ ಅದನ್ನೇ ಹೇಳ್ತ್ರ್. ಮತ್ತೆ ಗುಡ್ಡೆ ಹತ್ತುದ್ ಎಂತಕ್ಕೆ?"

ಪದ್ದಕ್ಕ ಸುತ್ತ ನೋಡಿ, ಮಗಳಿಗೆ ಗುಟ್ಟು ಹೇಳುವವಳ ಹಾಗೆ ಬಗ್ಗಿದಳು. "ಎಂತ ಹೇಳುದ್ ಹೆಣ್ಣೆ, ಆ ಬಾಟ್ಲಿಗ್ ನಾ ತುಂಬಿದ್ ಮೇಲಿನಮನಿ ನೀರ್. ಪರ ಊರಿನ್ ಮಾಣಿ, ಅಷ್ಟ್ ದೂರ ಹೊತ್ಕಂಡ್ ಹೋಪುದ್, ಅಲ್ ಯಾರ್ಯಾರ್ ಬಾಯಿಗ್ ಹಾಕ್ತ್ರೋ. ಉಪ್ಪ್ ನೀರ್ ಕೊಡುಕಾತ್ತಾ? ಉಳ್ದ್ ಹನ್ನೊಂದ್ ಮನಿಯರ್ ಸರಿ ಕೊಡ್ತ್ರಲೆ, ನಂದೊಂದ್ ತಪ್ರೆ ಎಂತ ಆತ್ ಅಂದ್ಕಂಡೆ."

ಒಳಗಿನಿಂದ ಗಿರಿಜೆಯ ಸ್ವರ ಬಂತು. "ಪದ್ದಕ್ಕ, ನೀವೂವಾ?"

ಪತ್ರಿಕೆ ನನ್ನ ಕೈಯಿಂದ ಜಾರಿತು. "ನೀವೂವಾ ಅಂದ್ರೆ? ನೀನೂವಾ?"

"ಮತ್ತೆ? ನೀವೇ ಅಲ್ದಾ ಮರ್ಯಾದಿ ಮರ್ಯಾದಿ ಅಂದ್ ಕುಣ್ದದ್ದ್? ನಾನೂ ಮೇಲಿನಮನಿ ನೀರೇ ತಂದ್, ಕುದ್ಸಿ, ಸೋಸಿ ಕೊಟ್ಟೆ. ಆ ಬೆಚ್ಚಗಿದ್ ಬಾಟ್ಲಿ ನಮ್ದೇ!"

ಅನಿತಾ ನಗುತ್ತ ನಗುತ್ತ ಉಳಿದ ಹತ್ತು ಮನೆಗೂ ಹೋಗಿ ಬಂದಳು. ಹತ್ತೂ ಮನೆಯಲ್ಲಿ ಅದೇ ಕಥೆ, ಅದೇ ಮೇಲಿನಮನೆ ಬಾವಿ, ಅದೇ "ನಾವೊಬ್ರೇ ಹೀಂಗ್ ಮಾಡಿದ್ದ್" ಎಂಬ ನಾಚಿಕೆ. ಪ್ರೊಫೆಸರರ ಪಾತಾಳಗಂಗೆ ಅಲ್ಲಿಗೆ ಬತ್ತಿತು. ಅವಳು ಅಲ್ಲಿಂದಲೇ ಮಲ್ಲಿಕಾರ್ಜುನನಿಗೆ ಫೋನು ಮಾಡಿದಳು. ಅವನು ಎಲ್ಲವನ್ನೂ ಎರಡೆರಡು ಸಲ ಹೇಳಿಸಿ ಕೇಳಿಕೊಂಡನಂತೆ. ಕೊನೆಗೆ, "ಒಂದ ಬಾವಿ ನೀರು ಹನ್ನೆರಡು ಸಲ ಪರೀಕ್ಷೆ ಮಾಡೇನ್ರಿ, ಹನ್ನೆರಡೂ ಸಲ ಒಂದ ಉತ್ತರ ಬಂದದ. ಅಂದ್ರ ನಮ್ಮ ಯಂತ್ರ ಚಲೋ ಅದ ಬಿಡ್ರಿ" ಎಂದನಂತೆ. ಯಂತ್ರ ಹಾಳಾಗಿದೆ ಎಂದು ಊರೆಲ್ಲ ಸಾರಿದ ನನಗೆ ಈ ಮಾತು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು.

ಎರಡನೆಯ ಸಲ ಅವನು ಯಾರ ದೋಸೆಗೂ ಸೋಲಲಿಲ್ಲ. ಹಗ್ಗಕ್ಕೆ ಬಾಟಲಿ ಕಟ್ಟಿ ಹನ್ನೆರಡು ಬಾವಿಗೂ ತಾನೇ ಇಳಿಸಿದ. ಅನಿತಾ ಕಾವಲಿಗೆ ನಿಂತಳು, ಬಾವಿಗಲ್ಲ, ನನಗೆ. ವರದಿ ಬದಲಾಗಿ, ಹಲಗೆ ನಮ್ಮ ತೋಡಿಗೇ ಎಂದಾಯಿತು. ಹನ್ನೆರಡರಲ್ಲಿ ಅತ್ಯಂತ ಉಪ್ಪು ನಮ್ಮದೇ ಬಾವಿ ಎಂದು ಗೊತ್ತಾದಾಗ ಬಂದ ಸಂತೋಷ, ಎಸ್ಸೆಸ್ಸೆಲ್ಸಿ ಪಾಸಾದಾಗಲೂ ನನಗೆ ಬಂದಿರಲಿಲ್ಲ. ಪ್ರೊಫೆಸರರೂ ದೊಡ್ಡ ಮನಸ್ಸಿನವರು. ತಮ್ಮ ಒರತೆ ಹೋದ ದುಃಖ ನುಂಗಿಕೊಂಡು, ಉಪ್ಪು ತೋಡಿನಿಂದ ಯಾವ ದಾರಿಯಲ್ಲಿ ಬಾವಿಗೆ ಬರುತ್ತದೆಂದು ನಕ್ಷೆ ಬರೆದುಕೊಟ್ಟರು. ಇಂಜಿನಿಯರಿಂಗಿನವರು ಮರದ ಬದಲು ಕುಂಬಾಗದ ಫೈಬರಿನ ಹಲಗೆ ಮಾಡಿದರು. ಅದನ್ನು ಫೆಬ್ರವರಿಯಲ್ಲಿ ಇಳಿಸುವುದೆಂದು ಅವರು ಹೇಳಿದಾಗ ಪದ್ದಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಅಷ್ಟೊತ್ತಿಗ್ ಉಪ್ಪ್ ಬಂದ್ ಉಂಡ್ ಕೂಕಂತ್! ದೀಪಾವಳಿ ಕಳ್ದ್ ತೋಡ್ ಸಣ್ಣ ಆದ್ ಕೂಡ್ಲೇ ಇಳ್ಸಿ. ಹುಣ್ಣಿಮಿ ಅಮಾಸಿ ಭರತಕ್ಕ್ ಮೊದ್ಲೇ." ಅನಿತಾ ಈ ಮಾತನ್ನು ಬರೆದು ಇಂಜಿನಿಯರರಿಗೆ ಕೊಟ್ಟಳು, ಅವರು ತಮ್ಮ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ ತಲೆಯಾಡಿಸಿದರು. ಒಬ್ಬರ ಬಾಟಲಿ, ಒಬ್ಬರ ನಕ್ಷೆ, ಒಬ್ಬರ ಹಲಗೆ, ಎಲ್ಲದರ ನಡುವೆ ಜಗಲಿಯಲ್ಲಿ ಕೂತು ಮಾತು ಕೇಳಿಸಿಕೊಂಡ ಒಬ್ಬ ಹುಡುಗಿ. ಇವರಲ್ಲಿ ಯಾರೊಬ್ಬರು ಬಿಟ್ಟುಹೋಗಿದ್ದರೂ ಪದ್ದಕ್ಕ ಇವತ್ತಿಗೂ ಗುಡ್ಡೆ ಹತ್ತುತ್ತಿದ್ದಳು. ಪದ್ದಕ್ಕನ ಮಾತಿಗೆ ಡಾಕ್ಟರೇಟೇ ಎಂದು ನಕ್ಕವನು ನಾನು. ಈಗ ಎರಡು ಡಾಕ್ಟರೇಟು ಕೊಡಬೇಕೆಂದು ನನ್ನ ಅಭಿಪ್ರಾಯ, ಅದರಲ್ಲಿ ಒಂದು ಪದ್ದಕ್ಕನಿಗೆ.

ಈ ಬೇಸಿಗೆಯಲ್ಲಿ ನಮ್ಮ ಬಾವಿಗಳ ನೀರು ಕುಡಿಯುವ ಹಾಗಿದೆ. ಪದ್ದಕ್ಕ ಮಧ್ಯಾಹ್ನ ಕಾಲು ನೀಡಿ ಕೂತು ಊರವರ ಮೇಲೆಲ್ಲ ಟೀಕೆ ಮಾಡುವಷ್ಟು ಆರಾಮಾಗಿದ್ದಾಳೆ. ಮೇ ತಿಂಗಳ ಕೊನೆಗೆ ಮಾತ್ರ ನಮ್ಮ ಬಾವಿಯಲ್ಲಿ ಒಂದು ಚೂರು ಉಪ್ಪು ನಾಲಿಗೆಗೆ ತಾಗತೊಡಗಿತು. ಅದೇ ಹೊತ್ತಿಗೆ ಮೊನ್ನೆ ಮಲ್ಲಿಕಾರ್ಜುನ, ಅನಿತಾ ಇಬ್ಬರೂ ಒಂದು ಅರ್ಜಿ ಹಿಡಿದುಕೊಂಡು ಬಂದರು. 'ನಿಮ್ಮ ಬಾವಿಯ ನೀರು ಈಗ ಹೇಗಿದೆ?' ಎಂಬ ಪ್ರಶ್ನೆ. ಕೆಳಗೆ ಒಂದರ ಕೆಳಗೊಂದು ನಾಲ್ಕು ಚೌಕ: ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ. ನಿಜವನ್ನೇ ಬರೆಯುವೆನೆಂದು ಮನಸ್ಸಿನಲ್ಲೇ ಪ್ರಮಾಣ ಮಾಡಿ ಪೆನ್ನು ತೆಗೆದೆ. ಎದುರಿಗೆ ಮಲ್ಲಿಕಾರ್ಜುನ ಕೂತಿದ್ದ. ಕುತ್ತಿಗೆ ಸುಟ್ಟು ಕಪ್ಪಾಗಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಇಷ್ಟೆಲ್ಲ ಮಾಡಿದ ಹುಡುಗ. ನನ್ನ ಪೆನ್ನು ತಾನಾಗಿ ಮೇಲೆ ಹೋಗಿ 'ಅತ್ಯುತ್ತಮ'ದ ಎದುರು ನಿಂತಿತು.

ಅನಿತಾ ತನ್ನ ಪುಸ್ತಕದಿಂದ ತಲೆ ಎತ್ತಲಿಲ್ಲ. "ಮಾವ, ಒಂದ್ ಕೆಳಗ್ ಇಳೀರಿ" ಎಂದಳು.

ಇಳಿದು 'ಉತ್ತಮ'ಕ್ಕೆ ಬಂದೆ.

"ಇನ್ನೊಂದ್."

ಕಣ್ಣು ಮುಚ್ಚಿಕೊಂಡು 'ಸಾಧಾರಣ'ಕ್ಕೆ ಗುರುತು ಹಾಕಿದೆ. ಸಮಾಜದ ಹಿತಕ್ಕಾಗಿ ಮನುಷ್ಯ ಇಷ್ಟನ್ನಾದರೂ ಮಾಡಬೇಕು. ಆಮೇಲೆ ಮಲ್ಲಿಕಾರ್ಜುನನ ಮುಖ ನೋಡುವ ಧೈರ್ಯ ಬರಲಿಲ್ಲ. ಅವನು ಹೊರಡುವಾಗ ಒಂದು ಗೊನೆ ಬಾಳೆಹಣ್ಣು ಬೈಕಿಗೆ ಕಟ್ಟಿದೆ, ಮತ್ತು ಅವನೊಬ್ಬನಿಗೇ ಕೇಳುವ ಹಾಗೆ ಹೇಳಿದೆ: "ಸಾಧಾರಣ ಅಂತ ಬರ್ದದ್ದ್ ಆ ಹೆಣ್ಣಿನ್ ಒತ್ತಾಯಕ್ಕೆ ಮಾರಾಯ್ರೆ. ನೀರ್ ಅಮೃತ."