ತೀರ್ಪು ಕೊಡಲು ಕುಳಿತ ವರದಿಗಾರ

ಕೋರ್ಟಿನ ಸುದ್ದಿ ಬರೆಯುವವನಿಗೆ ಕ್ರಮೇಣ ಒಂದು ರೋಗ ಅಂಟಿಕೊಳ್ಳುತ್ತದೆ. ಯಾರೂ ಆಡದ ಮಾತು ಅವನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಪತ್ರಿಕೆಗೆ ಇದು ಒಳ್ಳೆಯದು, ಸಂಸಾರಕ್ಕೆ ಕಷ್ಟ. "ಸಾರು ಹೆಂಗಾಗೇತ್ರಿ?" ಎಂದು ಹೆಂಡತಿ ಕೇಳಿದರೆ, "ಉಪ್ಪು ಕಡಿಮೆ ಎಂದು ಮಗಳು ತಿಳಿಸಿದ್ದಾಳೆ" ಎನ್ನುವವನು ನಾನು. ಇಂಥವನನ್ನು ಬೆಟಗೇರಿಯ ಹವ್ಯಾಸಿ ನಾಟಕದವರು ನ್ಯಾಯಾಧೀಶನ ಖುರ್ಚಿಯಲ್ಲಿ ಕೂರಿಸಿದರು.

ನಾಟಕ ನಮ್ಮ ಕಡೆಯ ಒಬ್ಬ ದಿವಂಗತ ವಕೀಲರ ಜೀವನದ ಕುರಿತಾದದ್ದು. ಮುಂಡರಗಿ ಕಡೆಯ ಹಳ್ಳಿಯೊಂದರಲ್ಲಿ ದಲಿತ ಕೇರಿಯ ಗಂಗವ್ವನಿಗೆ ಊರ ನಳದ ನೀರು ಹಿಡಿಯಲು ಬಿಟ್ಟಿರಲಿಲ್ಲ. ವಕೀಲರು ಆಕೆಯ ಪರವಾಗಿ ವರ್ಷಗಟ್ಟಲೆ ವಾದಿಸಿ ಗೆದ್ದರು. ಆ ವಿಚಾರಣೆಗಳನ್ನು ವರದಿ ಮಾಡಿದವನೆಂಬ ಹೆಮ್ಮೆಯಿಂದ ನಾನು ತಾಲೀಮಿನಲ್ಲಿ ಎಲ್ಲರನ್ನೂ ತಿದ್ದತೊಡಗಿದೆ. ವಕೀಲರ ಪಾತ್ರ ಮಗ್ಗದ ಬಸಣ್ಣನದು. ಕಂಪನಿ ನಾಟಕ ನೋಡಿ ಬೆಳೆದ ಮನುಷ್ಯ, ಮೇಜು ಗುದ್ದದೆ ಅವನಿಗೆ ಮಾತೇ ಹೊರಡದು.

"ಬಸಣ್ಣ, ಅವ್ರು ಎಂದೂ ದನಿ ಏರಿಸ್ಲಿಲ್ಲ. ಕಣ್ಣಿನ ಚಾಳೀಸು ತಗದು ಒರಸಿಕೋತ ಸಾವಕಾಶ ಮಾತಾಡ್ತಿದ್ರು."

"ಹಂಗ ಮಾತಾಡಿದ್ರ ಹಿಂದ ಕುಂತವ್ರು ಎದ್ದ ಹೋಗ್ತಾರ್ರಿ ಸರ!"

"ಹೋಗ್ಲಿ. ಖರೆ ಹೆಂಗಿತ್ತೋ ಹಂಗ ಇರ್ಲಿ."

ಪ್ರಯೋಗದ ಸಂಜೆ ಬಣ್ಣದ ಕೋಣೆಗೆ ಗಂಗವ್ವನವರೇ ಬಂದರು. ನನ್ನ ಕರಿ ಕೋಟನ್ನು ಮೇಲಿಂದ ಕೆಳಗೆ ನೋಡಿ, "ತೀರ್ಪು ಓದಾವ್ರು ನೀವ ಏನ್ರಿ? ಜೋರಾಗಿ ಓದ್ರಿ. ಅವತ್ತ ನಾ ಕೂಲಿಗೆ ಹೋಗಿದ್ನಿ. ವಕೀಲ್ರು ಹೊಲಕ್ಕ ಬಂದು 'ಗೆದ್ದಿವಿ ಗಂಗವ್ವ' ಅಂದ್ರು, ಅಷ್ಟ. ಕೋರ್ಟಿನ್ಯಾಗ ಏನಂದ್ರು ಅನ್ನೂದು ನನ್ನ ಕಿವೀಲೆ ಕೇಳಿಲ್ಲ" ಎಂದರು.

ಕೊನೆಯ ದೃಶ್ಯ. ಬಸಣ್ಣ ಚಾಳೀಸು ಒರೆಸಿಕೊಂಡ, ಮೆಲ್ಲಗೆ ಆರಂಭಿಸಿದ, ನಿಂತೇಬಿಟ್ಟ. ಗುದ್ದುತ್ತ ಬಾಯಿಪಾಠ ಮಾಡಿದ ಮಾತು ಕೈ ಏಳದೆ ಬರಲೊಲ್ಲದು. ಪರದೆಯ ಮರೆಯಿಂದ ಹೇಳಿಕೊಡುವವನೂ ನನ್ನ ಅಪ್ಪಣೆಯಂತೆ ಯಾರಿಗೂ ಕೇಳದಷ್ಟು ಮೆಲ್ಲಗೇ ಹೇಳುತ್ತಿದ್ದ. ಎಲ್ಲರೂ ನನ್ನ ಕಡೆ ನೋಡಿದರು. ಬುದ್ಧಿವಂತನಾಗಿದ್ದರೆ ತೀರ್ಪು ಓದಿ ಮುಗಿಸುತ್ತಿದ್ದೆ. ಆದರೆ ಮಂಡಿಸದ ವಾದದ ಮೇಲೆ ತೀರ್ಪು ಕೊಡುವುದು ಹೇಗೆ? ಕೋರ್ಟಿನಲ್ಲಿ ಅತಿ ಹೆಚ್ಚು ಕೇಳಿದ ವಾಕ್ಯವೇ ಬಾಯಿಗೆ ಬಂತು: "ವಿಚಾರಣೆಯನ್ನು ಮುಂದೂಡಲಾಗಿದೆ."

ಮುಂದಿನ ಸಾಲಿನಿಂದ ಗಂಗವ್ವ ಎದ್ದರು. "ಏನ್ರಿ ಸಾಹೇಬ್ರ! ಆವಾಗೂ ಇದ ಅಂದ್ರಿ, ಈಗೂ ಇದ ಅಂತೀರಿ? ವಕೀಲ್ರು ಹೋಗಿಬಿಟ್ರು, ನನ್ನ ಹಲ್ಲೂ ಹೋದ್ವು. ಇನ್ನ ಯಾವ ತಾರೀಖು ಕೊಡ್ತೀರಿ?"

ಸಭೆ ನಕ್ಕಿತು. ಬಸಣ್ಣನಿಗೆ ಜೀವ ಬಂತು. ಮೇಜು ಮುರಿಯುವಂತೆ ಗುದ್ದಿ, "ಮಹಾಸ್ವಾಮಿ, ನನ್ನ ವಾದನೂ ಇಷ್ಟರಿ!" ಎಂದ.

ನಾನು ಓದಿದೆ: "ಊರ ನಳದ ನೀರು ಎಲ್ಲರಂತೆ ಗಂಗವ್ವನಿಗೂ ಸೇರಿದ್ದು. ಆಕೆಯನ್ನು ಯಾರೂ ತಡೆಯಕೂಡದು."

ಕಿವಿಗೆ ಕೈ ಹಚ್ಚಿ ನಿಂತಿದ್ದ ಗಂಗವ್ವ, "ಇನ್ನೊಮ್ಮೆ ಓದ್ರಿ" ಎಂದರು. ನಮ್ಮ ಕಡೆ ಹಾಡು ಚೆನ್ನಾಗಿದ್ದರೆ ಜನ ಒನ್ಸ್ ಮೋರ್ ಕೂಗುತ್ತಾರೆ, ತೀರ್ಪಿಗೆ ಕೂಗಿದ್ದನ್ನು ಅವತ್ತೇ ಕಂಡೆ. ಒಂದೇ ಸುದ್ದಿಯನ್ನು ಎರಡು ಸಲ ಕೊಟ್ಟದ್ದೂ ನನ್ನ ವೃತ್ತಿಯಲ್ಲಿ ಅದೇ ಮೊದಲು.

ನಾಟಕದಲ್ಲಿ ಇನ್ನೂ ಒಂದು ಪುಟ ಬಾಕಿಯಿತ್ತು, ನ್ಯಾಯಾಧೀಶನ ದೀರ್ಘ ಭಾಷಣ. ನಾನು ಗಂಟಲು ಸರಿಮಾಡಿಕೊಂಡೆ. ಗಂಗವ್ವ ಸೆರಗು ಸರಿಮಾಡಿಕೊಂಡರು.

"ಆತ್ರಿ, ಕೇಳಿದೆ. ಇನ್ನ ನೀವೂ ಏಳ್ರಿ."

ನಾನು ಎದ್ದೆ.