ಸಿಂಕ್ ಮಾಡಿಸುವವನ ಗೋಳು

ಕಚೇರಿಯ ಫೈಲುಗಳೆಲ್ಲ ದೂರದ ಸರ್ವರ್‌ನಲ್ಲೂ ಇರಬೇಕೆಂದು ಆದೇಶ ಬಂದ ದಿನದಿಂದ ಎರ್ನಾಕುಲಂ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿರುವ ನನಗೆ ನೆಮ್ಮದಿಯಿಲ್ಲ. ಆ ಸಾಫ್ಟ್‌ವೇರ್‌ನಲ್ಲಿ ಒತ್ತಲು ಬಟನ್ನುಗಳಿಲ್ಲ. ಕಪ್ಪು ಪರದೆಯ ಮೇಲೆ ಒಂದೊಂದೇ ಪ್ರಶ್ನೆ ಬರುತ್ತದೆ, ಟೈಪ್ ಮಾಡಿ ಉತ್ತರಿಸಬೇಕು. ಅದು ಕೇಳುವುದೊಂದು, ನಮ್ಮವರು ಹೇಳುವುದು ಇನ್ನೊಂದು.

ಹೆಸರೇನು?

ಮೊದಲ ಪ್ರಶ್ನೆಯೇ ‘ನೇಮ್’. ಸರ್ವರ್‌ಗೆ ಒಂದು ಹೆಸರಿಡಿ ಎಂದರ್ಥ. ನಮ್ಮ ಸೆಕ್ಷನ್ನಿನಲ್ಲಿ ಎಲ್ಲರೂ ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಹಿರಿಯರೊಬ್ಬರು ಇನಿಷಿಯಲ್ ಸಮೇತ ತಮ್ಮ ಹೆಸರನ್ನೇ ಕೊಟ್ಟಿದ್ದರು. ಸೆಟ್ಟಿಂಗ್ ತಪ್ಪಾಗಿತ್ತು, ಅಳಿಸಿ ಮತ್ತೆ ಮಾಡೋಣವೆಂದು ಕೂತೆ. ಪರದೆ ಅವರ ಪೂರ್ತಿ ಹೆಸರು ತೋರಿಸಿ ‘ಡಿಲೀಟ್ ಮಾಡಲೇ?’ ಎಂದಿತು. ಚೇಚಿ ಗಬಕ್ಕನೆ ನನ್ನ ಕೈ ಹಿಡಿದುಕೊಂಡರು.

“ಬೇಡ ಮೋನೇ! ರಿಟೈರ್ ಆಗೋಕೆ ಇನ್ನೂ ಟೈಮಿದೆ!”

ಖಾಲಿ ಬಿಡಿ

ತಿರುವನಂತಪುರದ ಪಟ್ಟಂ ಕಚೇರಿಯಿಂದ ಒಂದು ಫೈಲೂ ಸರ್ವರ್‌ಗೆ ಹೋಗುತ್ತಿಲ್ಲವೆಂದು ದೂರು ಬಂತು. ರೈಲು ಹತ್ತಿ ಹೋದೆ. ಅಲ್ಲಿನ ಅಧಿಕಾರಿ ಸರ್ವರ್‌ನ ವಿಳಾಸ, ಪಾಸ್‌ವರ್ಡ್ ಯಾವುದನ್ನೂ ತುಂಬಿರಲಿಲ್ಲ.

“ಇದೇನು ಸಾರ್, ಎಲ್ಲ ಖಾಲಿ?”

“ಗೊತ್ತಿಲ್ಲದಿದ್ದರೆ ಖಾಲಿ ಬಿಡಿ ಅಂತ ಆ ಪರದೆಯೇ ಹೇಳಿತಲ್ಲ. ನನಗೆ ಒಂದೂ ಗೊತ್ತಿರಲಿಲ್ಲ.”

ಬೈಯುವುದಾದರೂ ಹೇಗೆ? ಆದೇಶವನ್ನು ಅಕ್ಷರಶಃ ಪಾಲಿಸಿದ ಸರ್ಕಾರಿ ನೌಕರನನ್ನು ನಾನು ನೋಡಿದ್ದು ಅದೇ ಮೊದಲು.

ಆ...

ಅದೇ ಕಚೇರಿಯ ಗುಮಾಸ್ತರೊಬ್ಬರಿಗೆ ಆಮೇಲೆ ಸ್ಪೀಕರ್ ಹಾಕಿಕೊಂಡು ಫೋನಿನಲ್ಲೇ ಹೇಳಿಕೊಡುತ್ತಿದ್ದೆ. ‘ಸಿಂಕ್’ ಎಂಬ ಕಮಾಂಡ್ ಬಲು ಅಪಾಯದ್ದು. ಮೊದಲು ಬರೆದ ಫೋಲ್ಡರ್ ಹೇಗಿದೆಯೋ ಎರಡನೆಯದನ್ನೂ ಹಾಗೇ ಮಾಡಿಬಿಡುತ್ತದೆ. ಅದಕ್ಕೇ ಒತ್ತಿ ಒತ್ತಿ ಕೇಳಿದೆ.

“ಮೊದಲು ಬರೆದಿರೋದು ಫೈಲುಗಳಿರೋ ಫೋಲ್ಡರ್ ತಾನೆ?”

“ಆ...”

ನಮ್ಮ ಮೈಸೂರಿನಲ್ಲಿ ಹಾಗೆಂದರೆ ಹೌದು. “ಹಾಗಾದ್ರೆ ಎಂಟರ್ ಒತ್ತಿ” ಎಂದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತಂತೆ. ಪಕ್ಕದ ಮೇಜಿನ ಕಾಸರಗೋಡಿನ ಗೆಳೆಯ ತಲೆ ಚಚ್ಚಿಕೊಂಡ.

“ಮಾರಾಯ, ಮಲಯಾಳದಲ್ಲಿ ಹಾಗೆ ರಾಗ ಎಳೆದರೆ ‘ಯಾರಿಗೆ ಗೊತ್ತು’ ಅಂತ ಅರ್ಥ!”

ಗುಮಾಸ್ತರು ಮೊದಲು ಬರೆದಿದ್ದು ಸರ್ವರ್‌ನ ಹೊಸ ಖಾಲಿ ಫೋಲ್ಡರ್. ಪಿಂಚಣಿ ಕಡತಗಳಿಂದ ಹಿಡಿದು ಓಣಂ ಫೋಟೋಗಳವರೆಗೆ ಎಲ್ಲ ಮಾಯ. ಅವರ ಅಧಿಕಾರಿಯ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಪ್ರತಿಯಿತ್ತು, ಸಂಜೆ ಹೊತ್ತಿಗೆ ಬದುಕಿದೆವೆನ್ನಿ. ಆದರೆ ಆ ಗಳಿಗೆಯಲ್ಲಿ ನನಗೆ ಅದು ಗೊತ್ತಿರಲಿಲ್ಲ. ಬೆವರುತ್ತಲೇ ಕೇಳಿದೆ: “ಈಗ ಎರಡೂ ಫೋಲ್ಡರ್ ತೆಗೆದು ನೋಡಿ. ಏನು ಕಾಣ್ತಿದೆ?”

ಗುಮಾಸ್ತರ ದನಿಯಲ್ಲಿ ಸಂಭ್ರಮವೋ ಸಂಭ್ರಮ.

“ಸೂಪರ್ ಸಾರ್! ಎರಡೂ ಕಡೆ ಒಂದೇ ಥರ ಬಂದಿದೆ. ಇಲ್ಲೂ ಏನಿಲ್ಲ, ಅಲ್ಲೂ ಏನಿಲ್ಲ!”